ಸಾಲಿನಲ್ಲಿ ನಿಲ್ಲಲಾಗದ ಮಗುವಿನೊಂದಿಗೆ ಥೀಮ್ ಪಾರ್ಕಿಗೆ ಹೋಗುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ 7 ವರ್ಷದ ಮಗನಿಗೆ ಆಟಿಸಂ ಇದೆ. ಕಳೆದ ಸಲ ಥೀಮ್ ಪಾರ್ಕಿಗೆ ಹೋದಾಗ ಮೊದಲ ಸಾಲಿನಲ್ಲೇ ಕಿವಿ ಮುಚ್ಚಿಕೊಂಡು ನೆಲಕ್ಕೆ ಬಿದ್ದು ಅತ್ತ. ಒಂದೂ ಆಟವಾಡದೆ ಮರಳಿದೆವು. ಅವನ ಅಕ್ಕನಿಗೆ ಮತ್ತೊಮ್ಮೆ ಹೋಗುವ ಆಸೆಯಿದೆ. ಸಿದ್ಧತೆ ಹೇಗಿರಬೇಕು?

ಉತ್ತರ (ಆಕ್ಯುಪೇಷನಲ್ ಥೆರಪಿಸ್ಟ್): ನಮಸ್ಕಾರ. ಅದನ್ನು ಹಟವೆಂದು ದಯವಿಟ್ಟು ತಿಳಿಯಬೇಡಿ. ಎಷ್ಟು ಹೊತ್ತು ನಿಲ್ಲಬೇಕೆಂದು ಗೊತ್ತಿಲ್ಲದೆ, ಅಪರಿಚಿತರ ಮೈ ತಾಗುವ ಇಕ್ಕಟ್ಟಿನಲ್ಲಿ, ಸಂಗೀತವೂ ಕಿರುಚಾಟವೂ ಒಟ್ಟಿಗೆ ಕಿವಿಗೆ ಬೀಳುತ್ತಿರುವಾಗ ಸುಮ್ಮನಿರುವುದು ಅವನ ಶಕ್ತಿಗೆ ಮೀರಿದ ಕೆಲಸ. ಆದ್ದರಿಂದ ಟಿಕೆಟ್ ಕೊಳ್ಳುವ ಮೊದಲೇ ಸಾಲಿನ ವಿಚಾರವನ್ನು ಕೇಳಿ ತಿಳಿದುಕೊಳ್ಳಿ. ಅನೇಕ ದೊಡ್ಡ ಪಾರ್ಕುಗಳಲ್ಲಿ, ಬೇರೆಡೆ ಕಾದಿದ್ದು ನಿಗದಿಯಾದ ಸಮಯಕ್ಕೆ ಆಟಕ್ಕೆ ಬರುವ ಅನುಕೂಲವಿರುತ್ತದೆ. ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ 2024ರಿಂದ ಇದರ ನಿಯಮ ಬಿಗಿಯಾಗಿದ್ದು, ಮುಖ್ಯವಾಗಿ ಆಟಿಸಂನಂತಹ ಬೆಳವಣಿಗೆಯ ತೊಂದರೆ ಇರುವವರಿಗೆ, ವಿಡಿಯೊ ಕರೆಯಲ್ಲಿ ವಿಚಾರಿಸಿದ ಬಳಿಕ ಕೊಡುತ್ತಾರೆ. ಎಲ್ಲಿಯೇ ಕೇಳಿದರೂ ಆಟಿಸಂ ಎಂದಷ್ಟೇ ಹೇಳಿ ನಿಲ್ಲಿಸದೆ, ಸಾಲಿನಲ್ಲಿ ನಿಂತಾಗ ಅವನಿಗೆ ಏನಾಗುತ್ತದೆ ಎಂಬುದನ್ನು ನನಗೆ ವಿವರಿಸಿದಂತೆಯೇ ವಿವರಿಸಿ.

ಪೋಷಕರು ಮರೆಯುವ ಇನ್ನೊಂದು ಜಾಗ ಶೌಚಾಲಯ. ಮಗು ಕುಳಿತಿರುವಾಗಲೇ ಫ್ಲಶ್ ತಾನಾಗಿ ಸದ್ದು ಮಾಡಿತೆಂದರೆ, ಮತ್ತೆ ದಿನವಿಡೀ ಅವನು ಆ ಬಾಗಿಲ ಬಳಿ ಸುಳಿಯಲಿಕ್ಕಿಲ್ಲ. ಚೀಲದಲ್ಲಿ ಅಂಟುಚೀಟಿಗಳಿರಲಿ, ಫ್ಲಶ್ ಅನ್ನು ತಾನಾಗಿ ಚಾಲೂ ಮಾಡುವ ಸೆನ್ಸರ್ ಮೇಲೆ ಒಂದನ್ನು ಅಂಟಿಸಿ, ಅವನು ಹೊರಗೆ ಬಂದ ಮೇಲೆ ಕಿತ್ತುಬಿಡಿ. ಸದ್ದು ತಡೆಯುವ ಇಯರ್‌ಮಫ್ ಅನ್ನು ಕೆಲವು ವಾರ ಮೊದಲೇ ಮನೆಯಲ್ಲಿ ಹಾಕಿ ರೂಢಿ ಮಾಡಿಸಿ, ಗದ್ದಲದ ನಡುವೆ ಮೊದಲ ಸಲ ತಲೆಗೇರಿಸಿದರೆ ಕಿತ್ತೆಸೆಯುತ್ತಾನೆ.

ಮರುಪ್ರಶ್ನೆ (ಇನ್ನೊಬ್ಬ ತಾಯಿ): ನನ್ನ 9 ವರ್ಷದ ಮಗಳಿಗೆ ಡೌನ್ ಸಿಂಡ್ರೋಮ್ ಇದೆ. ರೋಲರ್ ಕೋಸ್ಟರ್ ಹತ್ತಿಸಬಹುದೇ?

ಉತ್ತರ: ಅವಳ ವೈದ್ಯರನ್ನು ಕೇಳದೆ ಖಂಡಿತ ಬೇಡ. ಡೌನ್ ಸಿಂಡ್ರೋಮ್ ಇರುವ ಕೆಲವರಲ್ಲಿ ಕತ್ತಿನ ಮೇಲ್ತುದಿಯ ಎರಡು ಮೂಳೆಗಳ ನಡುವಿನ ಹಿಡಿತ ಸಡಿಲವಾಗಿದ್ದು, ತಲೆ ರಭಸದಿಂದ ಜಗ್ಗಿದರೆ ಬೆನ್ನುಹುರಿಗೆ ಪೆಟ್ಟಾಗುವ ಅಪಾಯವಿದೆ. ಎಕ್ಸ್-ರೇ ಸರಿಯಿದ್ದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಕತ್ತುನೋವು, ತಲೆ ಓರೆಯಾಗುವುದು, ನಡಿಗೆ ಬದಲಾಗುವುದು, ಮೂತ್ರದ ಹಿಡಿತ ತಪ್ಪುವುದು ಕಂಡುಬಂದರೆ ಪಾರ್ಕಿನ ಯೋಚನೆ ಬಿಟ್ಟು ಕೂಡಲೇ ವೈದ್ಯರಲ್ಲಿಗೆ ಹೋಗಿ.

ಪ್ರಶ್ನೆ (ಮೊದಲ ತಾಯಿ): ಮೇಡಂ, ಅಷ್ಟಾದರೂ ಅವನು ಅತ್ತರೆ, ಅಕ್ಕನ ದಿನ ಹಾಳಾಗುವುದಿಲ್ಲವೇ?

ಉತ್ತರ: ಹಿರಿಯರು ಇಬ್ಬರು ಹೋಗಿ. ಒಬ್ಬರು ಅವನನ್ನು ನೆರಳಿರುವ ಶಾಂತ ಮೂಲೆಗೆ ಕರೆದೊಯ್ಯಲಿ, ಇನ್ನೊಬ್ಬರು ಅಕ್ಕನ ಜೊತೆಗೇ ಇರಲಿ. ಅವನ ಮಟ್ಟಿಗೆ 2 ಗಂಟೆ ಸಾಕು, ನಗುತ್ತಿರುವಾಗಲೇ ಹೊರಡಿಸಿ.