ಹನ್ನೊಂದು ಕೈಮುಗಿದ ಚಿತ್ರಗಳು

ಚಿಕ್ಕಮ್ಮ (ಫಾರ್ವರ್ಡ್): ಮಳೆಯಲ್ಲಿ ನೆನೆಯುತ್ತಿರುವವನನ್ನು ಕಿಟಕಿಯಿಂದ ನೋಡಿ ‘ಅಯ್ಯೋ ಪಾಪ’ ಎನ್ನುವುದು ಸಿಂಪಥಿ, ಹೊರಗೆ ಹೋಗಿ ಅವನೊಡನೆ ನೆನೆಯುವುದು ಎಂಪಥಿ. ಗ್ರೀಕರು ಎರಡು ಸಾವಿರ ವರ್ಷಗಳ ಹಿಂದೆಯೇ ಈ ವ್ಯತ್ಯಾಸವನ್ನು ಹೇಳಿದ್ದರು.

ಚಿಕ್ಕಮ್ಮ: ಓದಬೇಕಾದವರು ಓದಿದರೆ ಸಾಕು.

ದೊಡ್ಡಪ್ಪ: ಬಹಳ ಅರ್ಥಪೂರ್ಣವಾಗಿದೆ. ಇಂದಿನ ಮಕ್ಕಳಲ್ಲಿ ಎರಡೂ ಇಲ್ಲ. ಹಿರಿಯರು ಎದುರಿಗೆ ಕುಳಿತಿದ್ದರೂ ಮೊಬೈಲಿನಿಂದ ತಲೆ ಎತ್ತುವುದಿಲ್ಲ.

ಅಣ್ಣ: ಚಿಕ್ಕಮ್ಮ, ಇದಕ್ಕೆ ಆಧಾರವೇನು? ಸಿಂಪಥಿ ಹಳೆಯ ಗ್ರೀಕ್ ಮೂಲದ್ದು, ‘ಜೊತೆಗೂಡಿ ಅನುಭವಿಸುವುದು’ ಎಂದೇ ಅದರ ಮೂಲಾರ್ಥ. ಆದರೆ ಎಂಪಥಿ ಎಂಬುದನ್ನು ಮನೋವಿಜ್ಞಾನಿ ಎಡ್ವರ್ಡ್ ಟಿಚನರ್ 1909ರಲ್ಲಿ, ಕಲಾಕೃತಿಯೊಳಗೆ ನೋಡುಗನ ಭಾವ ಹೊಗುವುದನ್ನು ವಿವರಿಸಲು ಬಳಕೆಯಲ್ಲಿದ್ದ ‘ಐನ್‌ಫ್ಯೂಲುಂಗ್’ ಎಂಬ ಜರ್ಮನ್ ಪದಕ್ಕೆ ಸಮನಾಗಿ ಇಂಗ್ಲಿಷಿಗೆ ತಂದರು. ಇಂದಿನ ಗ್ರೀಕ್ ಭಾಷೆಯಲ್ಲಂತೂ ‘ಎಂಪಾಥಿಯ’ ಎಂದರೆ ಹಗೆತನ.

ಚಿಕ್ಕಮ್ಮ: ಅಂದರೆ ನಾನು ಹಗೆ ಸಾಧಿಸುತ್ತಿದ್ದೇನೆಯೇ? ನನ್ನ ಮಂಡಿಯ ಶಸ್ತ್ರಚಿಕಿತ್ಸೆ ಆದಾಗ ಈ ಗುಂಪಿನಲ್ಲಿ ಹನ್ನೊಂದು ಕೈಮುಗಿದ ಚಿತ್ರಗಳು ಬಂದವು, ಎಣಿಸಿದ್ದೇನೆ. ಬಾಗಿಲಿಗೆ ಬಂದವರು ಒಬ್ಬರೂ ಇಲ್ಲ. ಅದಕ್ಕೆ ಏನೆನ್ನುತ್ತಾರೆಂದು ಜರ್ಮನ್ ಭಾಷೆಯಲ್ಲೇ ಹೇಳಿಬಿಡು.

(ಇದಕ್ಕೂ ಇಬ್ಬರು ಕೈಮುಗಿದ ಚಿತ್ರವನ್ನೇ ಹಾಕಿದರು.)

ಅಕ್ಕ: ಅಜ್ಜಿಗೆ ಈ ಎರಡು ಪದಗಳೂ ಗೊತ್ತಿರಲಿಲ್ಲ. ನಾನು ಗಣಿತದಲ್ಲಿ ನಪಾಸಾಗಿ ಮೂಲೆಯಲ್ಲಿ ಅಳುತ್ತಿದ್ದ ದಿನ ಏನೂ ಕೇಳದೆ ಪಕ್ಕದಲ್ಲಿ ಕುಳಿತು ಹರಿದ ಅಂಗಿಗೆ ಹೊಲಿಗೆ ಹಾಕುತ್ತಿದ್ದರು. ನನ್ನ ಅಳು ನಿಂತ ಮೇಲೆ ‘ಈ ಸೂಜಿಗೆ ದಾರ ಪೋಣಿಸಿಕೊಡು’ ಎಂದರು.

ದೊಡ್ಡಪ್ಪ: ಅದೇ ಸಂಸ್ಕಾರ. ಆಧಾರ ಕೇಳುವುದಲ್ಲ. ಅಂದಹಾಗೆ, ಉಚಿತ ರೀಚಾರ್ಜಿನ ಸುಳ್ಳು ಸಂದೇಶವನ್ನು ಈ ಗುಂಪಿಗೆ ತಂದವನು ನೀನೇ ಅಲ್ಲವೇನಪ್ಪಾ?

ಅಣ್ಣ: ಅದು ಆರು ವರ್ಷದ ಹಿಂದಿನ ಮಾತು ದೊಡ್ಡಪ್ಪ. ಅಕ್ಕ ಹೇಳಿದ್ದರಲ್ಲೇ ಉತ್ತರವಿದೆ. ಇನ್ನೊಬ್ಬರ ಮನಸ್ಸಿನಲ್ಲಿ ಏನಾಗುತ್ತಿದೆ ಎಂದು ಗ್ರಹಿಸುವುದು ಎಂಪಥಿ, ಅವರಿಗೆ ಒಳಿತಾಗಲಿ ಎಂದು ಮರುಗುವುದು ಸಿಂಪಥಿ. ಮೋಸಗಾರನಿಗೂ ಮೊದಲನೆಯದು ಚೆನ್ನಾಗಿಯೇ ಇರಬಹುದು, ಇಲ್ಲದಿದ್ದರೆ ಅವನ ಕಸುಬು ನಡೆಯುವುದಿಲ್ಲ. ಇಬ್ಬರೂ ನೆನೆದರೆ ಕೊಡೆ ತರುವವರು ಯಾರು? ನಮ್ಮಲ್ಲಿ ಗೊಂದಲ ಇನ್ನೂ ಹೆಚ್ಚು: ‘ಸಹಾನುಭೂತಿ’ ಎಂದರೆ ಜೊತೆಯಲ್ಲಿ ಅನುಭವಿಸುವುದೇ, ಆದರೂ ಅದನ್ನು ಸಿಂಪಥಿಗೆ ಕೊಟ್ಟುಬಿಟ್ಟು ಎಂಪಥಿಗೆಂದು ‘ಪರಾನುಭೂತಿ’ಯನ್ನು ಹುಡುಕಿಕೊಳ್ಳಬೇಕಾಯಿತು.

ಚಿಕ್ಕಮ್ಮ: ಇಷ್ಟುದ್ದ ಬರೆಯಲು ಬಿಡುವಿದೆ, ಫೋನ್ ಮಾಡಲು ಇರಲಿಲ್ಲ.

ಅಕ್ಕ: ಚಿಕ್ಕಮ್ಮ, ಈಗ ಮಂಡಿ ಹೇಗಿದೆ?

ಚಿಕ್ಕಮ್ಮ: ಸಂದೇಶ ಹಾಕಿ ಒಂದೂವರೆ ಗಂಟೆಯಾದ ಮೇಲೆ ಒಬ್ಬಳು ಕೇಳಿದಳು. ಮೆಟ್ಟಿಲು ಇಳಿಯುವಾಗ ಮಾತ್ರ ನೋಯುತ್ತದೆ.