ಐದು ವರ್ಷದ ಮಗುವನ್ನು ಜೋರಿನ ರೈಡ್‌ಗೆ ಹತ್ತಿಸಬಹುದಾ? ಮಕ್ಕಳ ಡಾಕ್ಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಬೆಂಗಳೂರಿನ ತಾಯಿ):
ನಮಸ್ಕಾರ ಡಾಕ್ಟರ್. ನಮ್ಮ ಮಗನಿಗೆ ಮುಂದಿನ ತಿಂಗಳು ಐದು ತುಂಬುತ್ತದೆ. ಎತ್ತರ 109 ಸೆಂ.ಮೀ. ರಜೆಯಲ್ಲಿ ನನ್ನ ಅಣ್ಣನ ಮಕ್ಕಳ ಜೊತೆ ಬಿಡದಿ ಹತ್ತಿರದ ವಂಡರ್‌ಲಾಗೆ ಹೊರಟಿದ್ದೇವೆ. ಆ ಮಕ್ಕಳಿಗೆ 9 ಮತ್ತು 12 ವರ್ಷ. ಇವನು ಫೋನಿನಲ್ಲಿ ರೋಲರ್ ಕೋಸ್ಟರ್ ವಿಡಿಯೋ ನೋಡಿ ನೋಡಿ "ನಾನೂ ಅದನ್ನೇ ಹತ್ತಬೇಕು" ಅಂತ ಹಟ ಹಿಡಿದಿದ್ದಾನೆ. ಆದರೆ ಮನೆಯಲ್ಲಿ ಮಿಕ್ಸಿ ಹಾಕಿದರೂ ಕಿವಿ ಮುಚ್ಚಿಕೊಂಡು ಆಚೆ ಓಡುತ್ತಾನೆ. ನಮ್ಮ ಮಾವ "ಒಂದು ಸಲ ಹತ್ತಿಸಿಬಿಡಿ, ಹೆದರಿಕೆ ತಾನಾಗಿ ಹೋಗುತ್ತೆ" ಅನ್ನುತ್ತಾರೆ. ಅವನು ರೆಡಿ ಇದ್ದಾನೋ ಇಲ್ಲವೋ ಅಂತ ತಿಳಿಯುವುದು ಹೇಗೆ?

ಉತ್ತರ (ಮಕ್ಕಳ ಡಾಕ್ಟರ್):
ಇಲ್ಲಿ ನೋಡಬೇಕಾದ್ದು ಎರಡು. ಮಗುವಿನ ಮೈ ಆ ಸೀಟಿಗೆ ಸರಿಹೋಗುತ್ತದಾ? ಮಗುವಿನ ಮನಸ್ಸು ಅದಕ್ಕೆ ಒಪ್ಪಿದೆಯಾ? ಮೊದಲನೆಯದನ್ನು ಪಾರ್ಕಿನ ಎತ್ತರದ ಬೋರ್ಡ್ ಹೇಳುತ್ತದೆ. ಎರಡನೆಯದನ್ನು ಮಗುವೇ ಹೇಳಬೇಕು. ಎರಡಕ್ಕೂ "ಹೌದು" ಬಂದರೆ ಮಾತ್ರ ಹತ್ತಿಸಿ.

ಎತ್ತರದ ಬೋರ್ಡ್ ಇರುವುದು ಟಿಕೆಟ್ ಲೆಕ್ಕಕ್ಕೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ. ತೊಡೆಯ ಮೇಲೆ ಬರುವ ಸರಳು, ಭುಜದ ಮೇಲಿನ ಪಟ್ಟಿ, ಬೆನ್ನಿನ ಆಸರೆ, ಇವೆಲ್ಲ ಇಂತಿಷ್ಟು ಎತ್ತರದವರನ್ನು ಹಿಡಿದಿಡಲು ಅಂತ ಮಾಡಿರುತ್ತಾರೆ. ಅದಕ್ಕಿಂತ ಚಿಕ್ಕ ಮಗು ಆ ಸರಳಿನ ಕೆಳಗಿಂದ ಜಾರಬಹುದು. ಚಿಕ್ಕ ಮಕ್ಕಳ ಸೊಂಟದ ಮೂಳೆಯ ಮುಂದಿನ ಉಬ್ಬು ಇನ್ನೂ ಸರಿಯಾಗಿ ಬಲಿತಿರುವುದಿಲ್ಲ. ದೊಡ್ಡವರಲ್ಲಿ ಬೆಲ್ಟ್ ಆ ಉಬ್ಬಿಗೆ ತಡೆದು ನಿಲ್ಲುತ್ತದೆ. ಮಕ್ಕಳಲ್ಲಿ ಮೇಲೆ ಜಾರಿ ಹೊಟ್ಟೆಯ ಮೆತ್ತನೆ ಭಾಗಕ್ಕೆ ಬರುತ್ತದೆ. ಜೊತೆಗೆ ಈ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ತಲೆಯ ಭಾರ ಜಾಸ್ತಿ. ಕುತ್ತಿಗೆಯ ಸ್ನಾಯು, ಮೂಳೆಗಳನ್ನು ಹಿಡಿದಿಡುವ ಕಟ್ಟು ಎರಡೂ ಸಡಿಲ. ಕುತ್ತಿಗೆ ದೊಡ್ಡವರ ಹಾಗೆ ಗಟ್ಟಿಯಾಗಲು ಸುಮಾರು 8ರಿಂದ 10 ವರ್ಷ ವಯಸ್ಸಾಗಬೇಕು. ರೈಡ್ ಥಟ್ಟನೆ ತಿರುಗಿದಾಗ ಆ ತಲೆಯನ್ನು ಹಿಡಿಯಬೇಕಾದ್ದು ಈ ಎಳೆ ಕುತ್ತಿಗೆಯೇ.

ನಿಮ್ಮ ಮಗನ ಎತ್ತರದ ಬಗ್ಗೆ ಚಿಂತೆ ಬೇಡ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಐದು ವರ್ಷದ ಗಂಡು ಮಗುವಿನ ಸರಾಸರಿ ಎತ್ತರ 110 ಸೆಂ.ಮೀ. ಅದೇ ಪಟ್ಟಿಯ ಪ್ರಕಾರ ಮಕ್ಕಳು 120 ದಾಟುವುದು ಸುಮಾರು 7ರ ಹೊತ್ತಿಗೆ, 140 ದಾಟುವುದು 10 ಕಳೆದ ಮೇಲೆ. ನಮ್ಮ ಕಡೆಯ ಪಾರ್ಕ್‌ಗಳಲ್ಲಿ ಜೋರಿನ ರೈಡ್‌ಗಳಿಗೆ 120, 130, 140 ಹೀಗೆ ಗೆರೆ ಹಾಕಿರುತ್ತಾರೆ. ಅಂದರೆ ಅವನು ವಿಡಿಯೋದಲ್ಲಿ ನೋಡಿದ ರೈಡ್ ಇನ್ನೂ ಕೆಲವು ವರ್ಷ ಅವನಿಗಲ್ಲ. 9 ವರ್ಷದ ಅಕ್ಕನೋ ಅಣ್ಣನೋ ಕೂಡ ಕೆಲವಕ್ಕೆ ಹೊರಗೇ ನಿಲ್ಲಬೇಕಾಗಬಹುದು. ಇದನ್ನು ಇಬ್ಬರಿಗೂ ಮನೆಯಲ್ಲೇ ಹೇಳಿ. ಗೋಡೆಯ ಮೇಲೆ ಟೇಪ್ ಹಿಡಿದು ಅಳೆದು ತೋರಿಸಿ. ಗೇಟಿನ ಮುಂದೆ ಗೊತ್ತಾದರೆ ಅತ್ತು ರಂಪ ಮಾಡುತ್ತಾರೆ, ಪಾಪ ಅವರ ತಪ್ಪೂ ಅಲ್ಲ. ದಪ್ಪ ಸೋಲ್ ಶೂ ಹಾಕಿಸುವುದು, ತುದಿಗಾಲಲ್ಲಿ ನಿಲ್ಲಿಸುವುದು, ಸಿಬ್ಬಂದಿ ಹತ್ತಿರ "ಒಂದೇ ಇಂಚು ಅಲ್ವಾ, ಬಿಡಿ" ಅಂತ ಜಗಳ ಕಾಯುವುದು, ಇದ್ಯಾವುದನ್ನೂ ದಯವಿಟ್ಟು ಮಾಡಬೇಡಿ.

ಇನ್ನು ಮಾವನವರ ಮಾತು. ಅವರ ಕಾಳಜಿ ಅರ್ಥವಾಗುತ್ತದೆ, ಆದರೆ ನಾನು ಒಪ್ಪುವುದಿಲ್ಲ. ಈಜು ಕಲಿಸುವಾಗ ಮಗು ಹೆದರಿದರೆ ತಕ್ಷಣ ಎತ್ತಿಕೊಳ್ಳಬಹುದು. ರೈಡ್ ಹೊರಟ ಮೇಲೆ ನಿಮ್ಮ ಕೈಯಲ್ಲಿ ಏನೂ ಇಲ್ಲ. ಮುಗಿಯುವ ತನಕ ಮಗು ಆ ಹೆದರಿಕೆಯ ಒಳಗೇ ಕೂತಿರಬೇಕು. ಹೆದರಿದ ಮಗು ಸುಮ್ನೆ ಅಳುತ್ತಾ ಕೂರುತ್ತದೆ ಅಂತಲೂ ಇಲ್ಲ. ಎದ್ದು ನಿಲ್ಲಲು ನೋಡುತ್ತದೆ, ಸರಳಿನ ಕೆಳಗೆ ನುಸುಳಲು ನೋಡುತ್ತದೆ. ಚಿಕ್ಕ ಮಕ್ಕಳಿಗೆ ದೊಡ್ಡ ಅಪಾಯ ಇರುವುದೇ ಅಲ್ಲಿ. ಮೆಲ್ಲಗೆ ಸುತ್ತುವ ಮಕ್ಕಳ ರೈಡ್‌ನಲ್ಲೂ ಮಗು ನಡುವೆ ಎದ್ದರೆ ಬೀಳುತ್ತದೆ.

ಹಾಗಾಗಿ ನಾನು ಧೈರ್ಯಕ್ಕಿಂತ ಮೊದಲು ನೋಡುವುದು ಹೇಳಿದ ಮಾತು ಕೇಳುತ್ತಾನಾ ಅಂತ. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಸೀಟಿನಿಂದ ಜಿಗಿಯುತ್ತಾನಾ? ಕಾರಿನಲ್ಲಿ ಬೆಲ್ಟ್ ಬಿಚ್ಚಿಕೊಳ್ಳುತ್ತಾನಾ? "ಕೈ ಒಳಗಿಡು" ಅಂದರೆ ಎರಡು ನಿಮಿಷ ಇಟ್ಟುಕೊಳ್ಳುತ್ತಾನಾ? ಇದಕ್ಕೆಲ್ಲ ಉತ್ತರ ನಿಮಗೆ ಈಗಾಗಲೇ ಗೊತ್ತಿರುತ್ತದೆ. ಆಮೇಲೆ ಪಾರ್ಕಿನ ಜೋಕಾಲಿ, ಜಾರುಬಂಡಿ. ಜೋಕಾಲಿ ಮೇಲಕ್ಕೆ ಹೋದಾಗ "ಇನ್ನೂ ಜೋರಾಗಿ ತೂಗು" ಅನ್ನುತ್ತಾನಾ, "ಸಾಕು" ಅನ್ನುತ್ತಾನಾ? ಹೊಟ್ಟೆಯಲ್ಲಿ ಝುಂ ಅನ್ನುವುದು ಅವನಿಗೆ ಹಿಡಿಸಿದೆಯಾ ಅನ್ನುವುದು ಇದರಲ್ಲೇ ತಿಳಿಯುತ್ತದೆ.

ವಿಡಿಯೋ ನೋಡಿ ಕೇಳುವ ಆಸೆಯನ್ನು ನಂಬಬೇಡಿ. ವಿಡಿಯೋದಲ್ಲಿ ಗಾಳಿ ಇಲ್ಲ, ಮೈ ತೂಕ ತಪ್ಪುವುದಿಲ್ಲ, ಕಬ್ಬಿಣದ ಗಡಗಡ ಸದ್ದೂ ಫೋನಿನಷ್ಟೇ. ಅವನಿಗೆ ಮಿಕ್ಸಿ ಸದ್ದೇ ಕಷ್ಟ ಅಂತೀರಿ. ಹಾಗಾಗಿ ಅಲ್ಲಿ ಹೋದಾಗ ಮಕ್ಕಳ ರೈಡ್‌ಗಳಲ್ಲೂ ಮೊದಲು ಒಂದು ಪೂರ್ತಿ ಸುತ್ತು ಹೊರಗೆ ನಿಂತು ನೋಡಿಸಿ. "ಈಗ ಏನಾಯಿತು? ಎಲ್ಲಿ ಜೋರಾಯಿತು? ಹೇಗೆ ನಿಂತಿತು?" ಅಂತ ಅವನ ಬಾಯಲ್ಲೇ ಹೇಳಿಸಿ. ಕಣ್ಣರಳಿಸಿ ಹೇಳಿದರೆ ಸರಿ. ನಿಮ್ಮ ಕಾಲು ತಬ್ಬಿಕೊಂಡು "ಹೂಂ, ಹೋಗೋಣ" ಅಂದರೆ ಅದನ್ನು ಹೌದು ಅಂತ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಈ ವಯಸ್ಸಿನ ಮಕ್ಕಳು ಅಪ್ಪ ಅಮ್ಮನಿಗೆ ಬೇಜಾರಾಗದಿರಲಿ ಅಂತಲೂ ಹೂಂ ಅನ್ನುತ್ತಾರೆ.

ಅದೇ ತಾಯಿ:
ಕ್ಯೂನಲ್ಲಿ ಮುಕ್ಕಾಲು ಗಂಟೆ ನಿಂತು, ಸರದಿ ಬಂದಾಗ ಬೇಡ ಅಂದರೆ?

ಉತ್ತರ:
ವಾಪಸ್ ಬನ್ನಿ. ಬೈಯಬೇಡಿ, "ನೋಡು ಆ ಪುಟ್ಟಿ ಹತ್ತಿದಳು" ಅನ್ನಬೇಡಿ, ಐಸ್‌ಕ್ರೀಮ್ ಆಸೆ ತೋರಿಸಬೇಡಿ. ಟಿಕೆಟ್ ದುಡ್ಡು ಹೋಯಿತಲ್ಲ ಅನ್ನುವ ಸಂಕಟ ದೊಡ್ಡವರಿಗೆ ಇರುತ್ತದೆ. ಮಕ್ಕಳನ್ನು ಬಲವಂತವಾಗಿ ಹತ್ತಿಸುವುದರ ಹಿಂದೆ ಬಹಳ ಸಲ ಇರುವುದು ಅದೇ. ಬೇಡ ಅಂದಾಗ ಕೇಳಿಸಿಕೊಂಡರೆ ಮುಂದಿನ ಸಲ ಅವನು ಬೇಕು ಅಂದದ್ದನ್ನು ನೀವೂ ನಂಬಬಹುದು. ದೊಡ್ಡ ಮಕ್ಕಳು ಹತ್ತುವಾಗ ಇವನ ಜೊತೆ ಯಾರು ಉಳಿಯುವುದು ಅಂತ ಮೊದಲೇ ಸರದಿ ಮಾಡಿಕೊಳ್ಳಿ. ಇಲ್ಲದಿದ್ದರೆ ಉಳಿಯುವವರಿಲ್ಲ ಅಂತ ಇವನನ್ನೂ ಎಳೆದುಕೊಂಡು ಹೋಗುವ ಪರಿಸ್ಥಿತಿ ಬರುತ್ತದೆ.

ಪ್ರಶ್ನೆ (ಅಮೆರಿಕದ ಅರ್ವೈನ್‌ನಲ್ಲಿರುವ ತಂದೆ):
ಸರ್, ನಮ್ಮ ಮಗಳಿಗೆ ನಾಲ್ಕು ವರ್ಷ, 103 ಸೆಂ.ಮೀ. ಇಲ್ಲಿ ಡಿಸ್ನಿಲ್ಯಾಂಡ್‌ನಲ್ಲಿ ಬಿಗ್ ಥಂಡರ್ ಮೌಂಟನ್, ಸ್ಪೇಸ್ ಮೌಂಟನ್ ಅನ್ನುವ ಎರಡು ರೋಲರ್ ಕೋಸ್ಟರ್‌ಗಳಿಗೂ 102 ಸೆಂ.ಮೀ. ಇದ್ದರೆ ಸಾಕು. ಪಾರ್ಕಿನ ನಿಯಮದ ಪ್ರಕಾರ ಹತ್ತಬಹುದಲ್ವಾ?

ಉತ್ತರ:
ಹತ್ತಬಹುದು. ಆದರೆ ಆ ಗೆರೆ ಕನಿಷ್ಠದ ಗೆರೆ. ಅದನ್ನು ಈಗಷ್ಟೇ ದಾಟಿದ ಮಗು ಆ ರೈಡ್‌ನ ಅತಿ ಚಿಕ್ಕ ಸವಾರಿಗಾರ್ತಿ. ಸ್ಪೇಸ್ ಮೌಂಟನ್ ಹೆಚ್ಚಾಗಿ ಕತ್ತಲಲ್ಲೇ ಓಡುತ್ತದೆ. ಮುಂದೆ ತಿರುವು ಬರುತ್ತದೆ ಅಂತ ಕಾಣದಿದ್ದರೆ ಕುತ್ತಿಗೆಯನ್ನು ಬಿಗಿ ಮಾಡಿಕೊಳ್ಳಲು ದೊಡ್ಡವರಿಗೇ ಆಗುವುದಿಲ್ಲ. ನಾಲ್ಕು ವರ್ಷಕ್ಕೆ ಕತ್ತಲ ಹೆದರಿಕೆಯೂ ಜೋರಾಗಿರುವ ಕಾಲ. ಅಲ್ಲೇ ಚಿಕ್ಕ ಮಕ್ಕಳ ವಿಭಾಗ ಟೂನ್‌ಟೌನ್‌ನಲ್ಲಿ 89 ಸೆಂ.ಮೀ.ಗೆ ಹತ್ತಬಹುದಾದ ಪುಟ್ಟ ಕೋಸ್ಟರ್ ಇದೆ. ಅದರಿಂದ ಶುರು ಮಾಡಿ. ಇಳಿದ ಕೂಡಲೇ "ಇನ್ನೊಂದು ಸಲ" ಅಂದರೆ ಹಗಲು ಬೆಳಕಿನಲ್ಲಿ ಬಿಗ್ ಥಂಡರ್ ನೋಡಿಸಿ, ಅವಳೇ ತೀರ್ಮಾನ ಮಾಡಲಿ. ಸ್ಪೇಸ್ ಮೌಂಟನ್ ಇನ್ನೊಂದೆರಡು ವರ್ಷ ಬಿಡಿ ಅಂತ ನನ್ನ ಸಲಹೆ. ಅಲ್ಲಿ ರೈಡರ್ ಸ್ವಿಚ್ ಅಂತ ಒಂದು ಸೌಲಭ್ಯ ಇದೆ. ಒಬ್ಬರು ಮಗುವಿನ ಜೊತೆ ಹೊರಗಿದ್ದು ಇನ್ನೊಬ್ಬರು ಹತ್ತಿ ಬಂದ ಮೇಲೆ, ಕ್ಯೂ ಮೊದಲಿಂದ ನಿಲ್ಲದೆ ಅವರೂ ಹತ್ತಬಹುದು. ಅದನ್ನು ಬಳಸಿ.

ಪ್ರಶ್ನೆ (ಮಂಗಳೂರಿನ ತಾಯಿ):
ಮಗಳಿಗೆ 7. ಹೆದರಿಕೆ ಇಲ್ಲವೇ ಇಲ್ಲ. ಆದರೆ ಶಿರಾಡಿ ಘಾಟಿ ಹತ್ತಿದರೆ ವಾಂತಿ ಗ್ಯಾರಂಟಿ. ಅವಳಿಗೆ ರೈಡ್ ಆಗುತ್ತದಾ?

ಉತ್ತರ:
ಒಳಗಿವಿ "ಅಲ್ಲಾಡುತ್ತಿದ್ದೇನೆ" ಅನ್ನುತ್ತದೆ, ಕಣ್ಣು "ಇಲ್ಲ" ಅನ್ನುತ್ತದೆ. ಮೆದುಳಿಗೆ ಈ ಎರಡು ಸುದ್ದಿ ತಾಳೆ ಆಗದಿದ್ದಾಗ ವಾಂತಿ ಬರುತ್ತದೆ. ಎರಡು ವರ್ಷದ ಒಳಗಿನ ಮಕ್ಕಳಲ್ಲಿ ಇದು ಕಡಿಮೆ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಜಾಸ್ತಿ, ಆಮೇಲೆ ಬಹಳ ಮಕ್ಕಳಲ್ಲಿ ತಾನಾಗಿ ಕಮ್ಮಿಯಾಗುತ್ತದೆ. ಅವಳ ಧೈರ್ಯಕ್ಕೂ ಇದಕ್ಕೂ ಸಂಬಂಧವಿಲ್ಲ.

ಇಂಥ ಮಕ್ಕಳಿಗೆ ಗಿರಗಿರ ತಿರುಗುವ ರೈಡ್ ಆಗಿಬರುವುದಿಲ್ಲ. ತಿರುಗುವ ಟೀ ಕಪ್ ರೈಡ್, ಒಂದೇ ಜಾಗದಲ್ಲಿ ಸುತ್ತುವ ಬುಟ್ಟಿ, ಪರದೆ ನೋಡುತ್ತಾ ಸೀಟು ಅಲ್ಲಾಡುವ ಶೋ, ಇವನ್ನು ಬಿಡಿ. ಮುಂದೆ ಸಾಗುವ ಪುಟ್ಟ ರೈಲು, ಚಿಕ್ಕ ಕೋಸ್ಟರ್ ಕೆಲವರಿಗೆ ಪರವಾಗಿಲ್ಲ. ಖಾಲಿ ಹೊಟ್ಟೆಯೂ ಬೇಡ, ಹೊಟ್ಟೆ ಬಿರಿಯುವಷ್ಟು ಪುಳಿಯೋಗರೆಯೂ ಬೇಡ. ಹಗುರವಾಗಿ ತಿಂದು ಒಂದು ಗಂಟೆ ಬಿಟ್ಟು ಹತ್ತಿಸಿ. ದೂರದ ಒಂದು ಜಾಗ ನೋಡುತ್ತಾ ಕೂರಲು ಹೇಳಿ. ಮುಖ ಬಿಳಿಚಿಕೊಂಡು, ಬೆವರಿ, ಮಾತು ನಿಂತರೆ ಅವತ್ತಿನ ರೈಡ್ ಮುಗಿಯಿತು ಅಂತ ತಿಳಿಯಿರಿ. ಮಾತ್ರೆಯನ್ನು ನೀವೇ ಅಂಗಡಿಯಿಂದ ತಂದು ಕೊಡಬೇಡಿ. ಕೆಲವು ಮಾತ್ರೆಗಳಿಂದ ಮಗು ತೂಕಡಿಸುತ್ತದೆ, ತೂಕಡಿಸುವ ಮಗುವನ್ನು ರೈಡ್‌ನಲ್ಲಿ ಕೂರಿಸುವ ಹಾಗಿಲ್ಲ.

ಪ್ರಶ್ನೆ (ಶಿರಸಿಯಿಂದ):
ನಮಗೆ ಪಾರ್ಕ್ ದೂರ. ನಮ್ಮದು ಮಾರಿಕಾಂಬಾ ಜಾತ್ರೆಯ ತೊಟ್ಟಿಲು, ಕೊಲಂಬಸ್ಸು. ಎತ್ತರದ ಬೋರ್ಡು ಕಾಣುವುದೇ ಅಪರೂಪ. ಅಲ್ಲಿ ಹೇಗೆ ಲೆಕ್ಕ ಹಾಕುವುದು? ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡರೆ ಸಾಕಾ?

ಪ್ರಶ್ನೋತ್ತರದಲ್ಲಿದ್ದ ಇನ್ನೊಬ್ಬರು (ರೈಡ್ ನಡೆಸುವ ಕೆಲಸ ಮಾಡಿದವರು):
ಡಾಕ್ಟರ್ ಹೇಳುವ ಮೊದಲು ನಾನೊಂದು ಮಾತು ಸೇರಿಸುತ್ತೇನೆ. ಒಂದೇ ಸರಳು ಇಡೀ ಸೀಟಿಗೆ ಬರುವ ರೈಡ್‌ನಲ್ಲಿ ಅದು ದಪ್ಪ ಇರುವವರ ತೊಡೆಗೆ ತಾಗಿ ನಿಲ್ಲುತ್ತದೆ. ಪಕ್ಕದ ಮಗುವಿನ ತೊಡೆಗೂ ಸರಳಿಗೂ ನಡುವೆ ಒಂದು ಗೇಣು ಜಾಗ ಉಳಿಯುತ್ತದೆ. ಅಪ್ಪ ಪಕ್ಕದಲ್ಲಿದ್ದಾರೆ, ಸರಳು ಲಾಕ್ ಆಗಿದೆ ಅಂತ ಎಲ್ಲರೂ ನೆಮ್ಮದಿಯಾಗಿರುತ್ತಾರೆ. ನೀವೇ ಬಗ್ಗಿ ಆ ಜಾಗ ನೋಡಿ. ಜಾಗ ಕಂಡರೆ ಕೂಗಿ ನಿಲ್ಲಿಸಿ, ಇಳಿದುಬಿಡಿ. ನಾಚಿಕೆ ಬೇಡ. ನಡೆಸುವವನು ಫೋನ್ ನೋಡುತ್ತಿದ್ದರೆ, ಒಬ್ಬನೇ ಎರಡು ರೈಡ್ ಓಡಿಸುತ್ತಿದ್ದರೆ, ಲಾಕ್ ಬದಲು ಹಗ್ಗ ಕಟ್ಟಿದ್ದರೆ ಆ ಕಡೆ ಹೋಗಲೇಬೇಡಿ.

ಉತ್ತರ:
ಇವರು ಹೇಳಿದ್ದು ಬಹಳ ಮುಖ್ಯ. ತೊಡೆ ಮೇಲೆ ಕೂರಿಸಿಕೊಳ್ಳುವುದು ಸುರಕ್ಷಿತ ಅಲ್ಲ. ಜೋರಾಗಿ ಎಸೆದಾಗ ಮಗುವಿನ ಭಾರವನ್ನು ಕೈಯಲ್ಲಿ ಹಿಡಿದಿಡಲು ಆಗುವುದಿಲ್ಲ. ಪಾರ್ಕಿನ ಸಾಮಾನ್ಯ ಜಾರುಬಂಡಿಯಲ್ಲೇ ನೋಡಿ. ದೊಡ್ಡವರು ಮಗುವನ್ನು ತೊಡೆ ಮೇಲೆ ಇಟ್ಟುಕೊಂಡು ಜಾರುವಾಗ ಮಗುವಿನ ಪಾದ ಅಂಚಿಗೆ ಸಿಕ್ಕಿ, ದೊಡ್ಡವರ ಭಾರಕ್ಕೆ ಮೊಣಕಾಲ ಕೆಳಗಿನ ಮೂಳೆ ಮುರಿಯುವುದು ಮಕ್ಕಳ ಡಾಕ್ಟರ್‌ಗಳೆಲ್ಲ ಕಂಡಿರುವ ಪೆಟ್ಟು. ಮಗು ಒಂಟಿಯಾಗಿ ಜಾರುವಷ್ಟು ದೊಡ್ಡದಾದ ಮೇಲೆ ಜಾರಲಿ.

ಜಾತ್ರೆಯಲ್ಲಿ ನನ್ನ ಲೆಕ್ಕ ಸರಳ. ಮಗುವಿನ ಬೆನ್ನು ಸೀಟಿಗೆ ಒರಗಬೇಕು, ಪಾದ ಊರಬೇಕು, ಸರಳು ಅದರ ಸ್ವಂತ ತೊಡೆಗೆ ತಾಗಬೇಕು, ಹಿಡಿಯಲು ಹಿಡಿ ಕೈಗೆ ಸಿಗಬೇಕು. ಇದರಲ್ಲಿ ಒಂದು ಇಲ್ಲದಿದ್ದರೂ ಕೆಳಗೆ ಓಡುವ ಕುದುರೆ ಸುತ್ತು, ಪುಟ್ಟ ರೈಲು ಸಾಕು. ಕೊಲಂಬಸ್ ದೋಣಿ ಚಿಕ್ಕವರಿಗೆ ಬೇಡವೇ ಬೇಡ. ಹೆಣ್ಣುಮಕ್ಕಳ ಜಡೆ ಬಿಗಿಯಾಗಿ ಕಟ್ಟಿ ಒಳಗೆ ಸೇರಿಸಿ. ಉದ್ದ ಲಂಗ, ದುಪಟ್ಟಾ ಗಾಲಿ ಇರುವ ಕಡೆ ತೂಗದಿರಲಿ.

ಪ್ರಶ್ನೆ (ಮೈಸೂರಿನ ತಂದೆ):
ಮಗನಿಗೆ 8 ವರ್ಷ, ಡೌನ್ ಸಿಂಡ್ರೋಮ್ ಇದೆ. ಎತ್ತರ ಸಾಲುತ್ತದೆ. ದಸರಾ ವಸ್ತುಪ್ರದರ್ಶನದಲ್ಲಿ ರೈಡ್ ನೋಡಿದರೆ ಕುಣಿಯುತ್ತಾನೆ.

ಉತ್ತರ:
ಅವನ ಕುಣಿತ ನಿಲ್ಲಿಸಬೇಕಿಲ್ಲ, ಆದರೆ ರೈಡ್ ಆರಿಸುವುದು ಬೇರೆ ಥರ. ಡೌನ್ ಸಿಂಡ್ರೋಮ್ ಇರುವ ಕೆಲವು ಮಕ್ಕಳಲ್ಲಿ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ನಡುವಿನ ಕಟ್ಟು ಸಡಿಲವಾಗಿರುತ್ತದೆ. ಜೋರಾಗಿ ಜಗ್ಗಿದರೆ ಬೆನ್ನುಹುರಿಗೆ ಪೆಟ್ಟಾಗಬಹುದು. ಎಕ್ಸ್‌ರೇ ಸರಿ ಇದೆ ಅಂದ ಮಾತ್ರಕ್ಕೆ ಪೂರ್ತಿ ನಿಶ್ಚಿಂತೆ ಅಲ್ಲ. ಜಗ್ಗುವ, ಬೀಳಿಸುವ, ಡಿಕ್ಕಿ ಹೊಡೆಯುವ ರೈಡ್‌ಗಳು ಅವನಿಗೆ ಬೇಡ. ಡಿಕ್ಕಿ ಕಾರೂ ಬೇಡ. ಮೆಲ್ಲಗೆ ಓಡುವ ರೈಲು, ಕುದುರೆ ಸುತ್ತು ಹತ್ತಿಸುವ ಮೊದಲು ಅವನನ್ನು ನೋಡುವ ಡಾಕ್ಟರ್ ಹತ್ತಿರ ಹೃದಯದ ವಿಷಯವನ್ನೂ ಸೇರಿಸಿ ಒಮ್ಮೆ ಕೇಳಿ. ಹೃದಯದ ಆಪರೇಷನ್ ಆದವರು, ಫಿಟ್ಸ್ ಇರುವವರು, ರಕ್ತ ಬೇಗ ಹೆಪ್ಪುಗಟ್ಟದವರು, ಈಚೆಗೆ ಮೂಳೆ ಮುರಿದವರು ಇವರಿಗೂ ಇದೇ ಮಾತು.

ಮೈಸೂರಿನವರಿಗೆ ಮಾತ್ರ ಅಲ್ಲ, ಇಲ್ಲಿ ಓದುತ್ತಿರುವ ಎಲ್ಲರಿಗೂ ಇನ್ನೊಂದು. ರೈಡ್ ಇಳಿದ ಮೇಲೆ ಕುತ್ತಿಗೆ ನೋವು ಅಥವಾ ಕುತ್ತಿಗೆ ಒಂದು ಕಡೆ ವಾಲಿರುವುದು, ನಿಲ್ಲದ ತಲೆನೋವು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ನಿದ್ದೆ, ಕೈಕಾಲು ಸೋಲುವುದು, ಎದೆ ನೋವು, ಹೊಟ್ಟೆ ಮುಟ್ಟಿದರೆ ಅಳುವುದು, ಇವುಗಳಲ್ಲಿ ಒಂದು ಕಂಡರೂ ಮನೆಗೆ ಹೋಗಿ ನೋಡೋಣ ಅನ್ನಬೇಡಿ. ಮಗುವಿನ ಕುತ್ತಿಗೆಯನ್ನು ನೀವೇ ನೀವಿ ತಿರುಗಿಸಿ ಸರಿ ಮಾಡಲೂ ಹೋಗಬೇಡಿ. ಅಲ್ಲಿಂದಲೇ ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಯಾವ ರೈಡ್ ಹತ್ತಿದ್ದ, ಎಷ್ಟು ಹೊತ್ತಿಗೆ ಇಳಿದ ಅನ್ನುವುದನ್ನು ಡಾಕ್ಟರ್‌ಗೆ ಮೊದಲೇ ಹೇಳಿ.