ತಲೆಯೊಳಗೇ ನಡೆಯುವ ಗೇಮ್: ಆಡಿದವರು ‘ಗೊಂದಲ’ ಅಂದರೆ ಯಾವುದನ್ನು ತಿದ್ದಬೇಕು?

ಏಳನೇ ಡೆಕ್:

ನಾನೂ ನನ್ನ ಗೆಳೆಯನೂ ಸೇರಿ ಒಂದು ಕಥೆಯ ಗೇಮ್ ಮಾಡುತ್ತಿದ್ದೇವೆ. ಕೋಡ್ ಅವನದು. ಕಥೆ, ಮಾತು, ದನಿ ನನ್ನದು. ಡೆಮೊ ಕೆಲವರಿಗೆ ಆಡಲು ಕೊಟ್ಟಿದ್ದೆವು. ಬಂದ ಅಭಿಪ್ರಾಯ ಓದಿದ ಮೇಲೆ ನಮ್ಮಿಬ್ಬರಿಗೇ ಜಗಳ ಶುರುವಾಗಿದೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮೊದಲು ಗೇಮ್ ಏನು ಅಂತ ಹೇಳಿಬಿಡುತ್ತೇನೆ. ಇಳಾ ಒಂದು ಹಡಗಿನ ರೇಡಿಯೋ ಆಪರೇಟರ್. ಒಂದು ರಾತ್ರಿ ಬಂದ ಕರೆಯನ್ನು ಅವಳು ಯಾರಿಗೂ ತಿಳಿಸಲಿಲ್ಲ. ಆಮೇಲೆ ಆ ರಾತ್ರಿಯನ್ನು ಅವಳ ಮನಸ್ಸು ಚೂರು ಚೂರು ಮಾಡಿ ಬೇರೆ ಬೇರೆ ಕಡೆ ಬಚ್ಚಿಟ್ಟಿದೆ. ನಾವು ಆಡುವುದು ಆ ಮನಸ್ಸಿನೊಳಗೆ. ಅಲ್ಲೂ ಒಂದು ಹಡಗಿದೆ, ಆದರೆ ಅದರ ಒಂದೊಂದು ಡೆಕ್, ಅಂದರೆ ಅಂತಸ್ತು, ಇಳಾಳದೇ ಚೂರಾದ ಒಬ್ಬೊಬ್ಬಳ ಕೈಯಲ್ಲಿದೆ. ಒಬ್ಬಳು ಸದಾ ಲಾಗ್ ಬುಕ್ ಬರೆಯುತ್ತಾಳೆ. ಒಬ್ಬಳು ಬಾಗಿಲು ಮುಚ್ಚುತ್ತಾ ಹೋಗುತ್ತಾಳೆ. ಇನ್ನೊಬ್ಬಳು ಚಿಕ್ಕ ಹುಡುಗಿ, ಸುಮ್ನೆ ಶಿಳ್ಳೆ ಹಾಕುತ್ತಾ ಓಡಾಡುತ್ತಾಳೆ. ಆಡುವವರ ಕೈಯಲ್ಲಿರುವುದು ರೇಡಿಯೋ ಡಯಲ್ ಒಂದೇ. ಡಯಲ್ ತಿರುಗಿಸಿದರೆ ಅದೇ ಕೋಣೆ ಇನ್ನೊಬ್ಬಳಿಗೆ ನೆನಪಿರುವ ಹಾಗೆ ಬದಲಾಗುತ್ತದೆ. ಒಂದು ಸ್ಟೇಷನ್‌ನಲ್ಲಿ ಮೇಜಿನ ಮೇಲೆ ಎರಡು ಕಪ್, ಇನ್ನೊಂದರಲ್ಲಿ ಒಂದೇ ಕಪ್. ಆ ಎರಡನೇ ಕಪ್ ಯಾರದು ಅನ್ನುವುದೇ ಮೊದಲ ಅಧ್ಯಾಯ.

ಬಂದ ಅಭಿಪ್ರಾಯಗಳಲ್ಲಿ ನನ್ನ ತಲೆಯಲ್ಲಿ ಉಳಿದವು ಇವು. “ಎಲ್ಲಿಗೆ ಹೋಗಬೇಕು ಅಂತಲೇ ಗೊತ್ತಾಗಲಿಲ್ಲ, ಬಿಟ್ಟೆ.” “ದನಿಗಳು ತಲೆ ತಿಂದವು, ಮ್ಯೂಟ್ ಮಾಡಿ ಆಡಿದೆ.” (ಆ ಮೂವರ ದನಿಗಳು. ತಲೆ ತಿನ್ನುವುದೇ ಅವುಗಳ ಕೆಲಸ, ಆದರೂ ಮ್ಯೂಟ್ ಮಾಡಿದರೆ ನನ್ನ ಅರ್ಧ ಗೇಮ್ ಹೋಯಿತಲ್ಲ!) “ಸೇವ್ ಕೆಟ್ಟಿದೆ, ಸರಿ ಮಾಡಿ.” ಅದು ಕೆಟ್ಟಿಲ್ಲ. ಬಾಗಿಲು ಮುಚ್ಚುವವಳ ಸ್ಟೇಷನ್‌ನಲ್ಲಿದ್ದಾಗ, ಎಲ್ಲಿಯವರೆಗೆ ಆಡಿದ್ದೀರಿ ಅಂತ ಉಳಿಸಿಡುವ ಸೇವ್ ಪಟ್ಟಿಯಲ್ಲಿ ನಿಮ್ಮ ಹೆಸರಿನ ಬದಲು ‘ನೀನು ಇಲ್ಲಿಗೆ ಬಂದೇ ಇಲ್ಲ’ ಅಂತ ಕಾಣುತ್ತದೆ. ನಾನು ಬೇಕಂತಲೇ ಮಾಡಿದ್ದು. ಇನ್ನೊಬ್ಬರು, “ಬಾಗಿಲು ಮುಚ್ಚುವವಳೇ ಕೊಲೆಗಾರ್ತಿ ಅಂತ ಐದೇ ನಿಮಿಷಕ್ಕೆ ಗೊತ್ತಾಯಿತು” ಅಂತ ಬರೆದಿದ್ದಾರೆ. ನಮ್ಮ ಗೇಮ್‌ನಲ್ಲಿ ಕೊಲೆಯೇ ಇಲ್ಲ.

ಒಬ್ಬರು ಮಾತ್ರ, “ಕಪ್ ಕಾಣಲಿಲ್ಲ ಅಂತ ಮೂರು ಡೆಕ್ ವಾಪಸ್ ಹೋಗಿ ನೋಡಿ ಬಂದೆ, ಬೆನ್ನು ತಣ್ಣಗಾಯಿತು” ಅಂದಿದ್ದಾರೆ. ಅವರಿಗೊಂದು ದೊಡ್ಡ ನಮಸ್ಕಾರ.

ಗೆಳೆಯ ಮ್ಯಾಪ್ ಹಾಕೋಣ, ಬಾಣದ ಗುರುತು ಹಾಕೋಣ ಅನ್ನುತ್ತಾನೆ. ಮನಸ್ಸು ಒಡೆದವಳ ಕೈಗೆ ಮ್ಯಾಪ್ ಕೊಟ್ಟವರು ಯಾರು ಅಂತ ನಾನು. ಇಳಾಳಿಗೆ ಆಗುವ ಗೊಂದಲ ಆಡುವವರಿಗೂ ಆಗಬೇಕು. ಗೇಮ್ ಕೆಟ್ಟದಾಗಿ ಕಟ್ಟಿದ್ದರಿಂದ ಆಗುವ ಗೊಂದಲ ಆಗಬಾರದು. ಮೇಲಿನವುಗಳಲ್ಲಿ ಯಾವುದು ಯಾವುದು? ಇಂಥ ಗೇಮ್‌ಗಳನ್ನು ಜಾಸ್ತಿ ಆಡಿದವರು ಹೇಳಿ.

ಹಳೇ ಜಾಯ್‌ಸ್ಟಿಕ್:

ಮ್ಯಾಪ್ ಬೇಡ. ಆದರೆ ದನಿಗಳಿಗೆ ಕೆಲಸ ಕೊಡಿ.

2017ರ ‘ಹೆಲ್‌ಬ್ಲೇಡ್: ಸೆನುವಾಸ್ ಸ್ಯಾಕ್ರಿಫೈಸ್’ ಆಡಿದ್ದೀರಾ? ಅದರಲ್ಲೂ ಮ್ಯಾಪ್ ಇಲ್ಲ, ಎಷ್ಟು ಜೀವ ಉಳಿದಿದೆ ಅಂತ ಪರದೆಯ ಮೇಲೆ ತೋರಿಸುವ ಗೆರೆ ಇಲ್ಲ, ಯಾವ ಬಟನ್ ಏನು ಅಂತ ಕಲಿಸುವ ಪಾಠವೂ ಇಲ್ಲ. ಅದರ ನಾಯಕಿ ಸೆನುವಾಳ ತಲೆಯಲ್ಲಿ ದನಿಗಳು ಒಂದೇ ಸಮ ಆಡಿಕೊಳ್ಳುತ್ತಿರುತ್ತವೆ, ಹೀಯಾಳಿಸುತ್ತವೆ, ಹೆದರಿಸುತ್ತವೆ. ಆದರೆ ಕಾಳಗದ ಮಧ್ಯೆ ಶತ್ರು ಹಿಂದಿನಿಂದ ಬಂದರೆ ಎಚ್ಚರಿಸುವುದೂ ಅವೇ. ಹಾಗಾಗಿ ಅವುಗಳನ್ನು ಮ್ಯೂಟ್ ಮಾಡುವ ಧೈರ್ಯ ಬರುವುದಿಲ್ಲ. ಬೈಯುವವರನ್ನೇ ನಂಬಿ ನಡೆಯಬೇಕಾದ ಆ ಇಕ್ಕಟ್ಟು ಯಾವ ಕಥಾಭಾಗಕ್ಕಿಂತ ಚೆನ್ನಾಗಿ ಅವಳ ಸ್ಥಿತಿ ಹೇಳುತ್ತದೆ. ನಿಮ್ಮ ಶಿಳ್ಳೆ ಹುಡುಗಿ ಇದ್ದಾಳಲ್ಲ, ಅವಳ ಶಿಳ್ಳೆ ಸರಿಯಾದ ಬಾಗಿಲ ಹತ್ತಿರ ಹೋದಂತೆ ಬದಲಾಗಲಿ. ಎಲ್ಲಿಗೆ ಹೋಗಬೇಕು ಅನ್ನುವ ದೂರು ಅಲ್ಲಿಗೆ ಮುಗಿಯಿತು. ಬಾಣ ಯಾಕೆ?

ಸೇವ್ ತಂಟೆಗೆ ಮಾತ್ರ ಹೋಗಬೇಡಿ. 2002ರ ‘ಎಟರ್ನಲ್ ಡಾರ್ಕ್‌ನೆಸ್’ ನಿಮ್ಮ ಸೇವ್‌ಗಳನ್ನೆಲ್ಲ ಅಳಿಸಿದ ಹಾಗೆ ನಟಿಸುತ್ತಿತ್ತು. ಟಿವಿಯ ದನಿ ತಾನೇ ಇಳಿದ ಹಾಗೂ ತೋರಿಸುತ್ತಿತ್ತು. ಆದರೆ ಅದೆಲ್ಲ ಕೆಲವೇ ಕ್ಷಣ. ಕೂಡಲೇ ಪರದೆ ಮಿಂಚಿ, ನಡೆದದ್ದು ಭ್ರಮೆ ಅಂತ ಗೊತ್ತಾಗುತ್ತಿತ್ತು. ಎದೆ ಧಸಕ್ ಅಂದು ಆಮೇಲೆ ನಗು. ನಿಮ್ಮದರಲ್ಲಿ ಆಟಗಾರ ಕಂಪ್ಯೂಟರ್ ಆಫ್ ಮಾಡಿ, ಊಟ ಮಾಡಿ, ‘ಹೋಯಿತಲ್ಲಪ್ಪಾ’ ಅಂತ ಮಲಗುತ್ತಾನೆ. ಅವನಿಗೆ ಸಿಟ್ಟು ಬಂದದ್ದು ಇಳಾಳ ಮೇಲಲ್ಲ, ನಿಮ್ಮ ಮೇಲೆ.

ಕಿವಿಮಾತು:

ದನಿ ಮ್ಯೂಟ್ ಮಾಡಿದವರು ಸ್ಪೀಕರ್‌ನಲ್ಲಿ ಆಡಿದರೋ ಹೆಡ್‌ಫೋನ್‌ನಲ್ಲೋ? ಮೊದಲು ಇದನ್ನು ಕೇಳಿ.

ಮೇಲೆ ಹೇಳಿದ ಹೆಲ್‌ಬ್ಲೇಡ್‌ನಲ್ಲಿ ದನಿಗಳನ್ನು ಬೈನಾರಲ್ ರೀತಿಯಲ್ಲಿ ರೆಕಾರ್ಡ್ ಮಾಡಿದ್ದಾರೆ. ಅಂದರೆ ಎರಡು ಕಿವಿ ಇರುವಷ್ಟು ದೂರದಲ್ಲಿ ಎರಡು ಮೈಕ್ ಇಟ್ಟು, ಮಾತಾಡುವವರು ಅದರ ಸುತ್ತ ಓಡಾಡುತ್ತಾ ಪಿಸುಗುಟ್ಟುವುದು. ಹೆಡ್‌ಫೋನ್ ಹಾಕಿದರೆ ಒಂದು ದನಿ ಎಡಗಿವಿಯ ಪಕ್ಕ, ಇನ್ನೊಂದು ಹಿಂದೆ ಅಂತ ಬಿಡಿಬಿಡಿಯಾಗಿ ಕೇಳುತ್ತದೆ. ಸ್ಪೀಕರ್‌ನಲ್ಲಿ ಎರಡೂ ಕಡೆಯ ಸದ್ದು ಎರಡೂ ಕಿವಿಗೆ ಹೋಗಿ ಆ ಜಾಗದ ಅಂದಾಜೇ ಹಾಳಾಗುತ್ತದೆ. ಉಳಿಯುವುದು ಬರೀ ಗಲಾಟೆ.

ನಿಮ್ಮ ಡೆಮೊ ಡೌನ್‌ಲೋಡ್ ಮಾಡಿ ಕೇಳಿದೆ. ಎರಡನೇ ಡೆಕ್‌ನಲ್ಲಿ ಮೂವರೂ ಒಂದೇ ಎತ್ತರದ ದನಿಯಲ್ಲಿ, ಒಂದೇ ವೇಗದಲ್ಲಿ ಮಾತಾಡುತ್ತಾರೆ. ಒಬ್ಬಳೇ ನಟಿ ಅನ್ನಿಸಿತು, ಅದು ತಪ್ಪಲ್ಲ, ಮೂವರೂ ಇಳಾನೇ ಅಲ್ವಾ. ಆದರೆ ಲಾಗ್ ಬುಕ್ ಬರೆಯುವವಳು ವಾಕ್ಯ ಪೂರ್ತಿ ಮಾಡಲಿ, ಬಾಗಿಲಿನವಳು ಅರ್ಧಕ್ಕೆ ನಿಲ್ಲಿಸಲಿ. ಕಥೆಗೆ ಬೇಕಾದ ಮಾತು ಬರುವಾಗ ಉಳಿದವರ ದನಿ ಒಂದು ಮೆಟ್ಟಿಲು ಇಳಿಯಲಿ. ಈಗ ‘ಅವನು ಮೇಲಿನಿಂದ ಕರೆದ’ ಅನ್ನುವ ಮಾತು ಇಂಜಿನ್ ಸದ್ದಿನಲ್ಲಿ ಮುಳುಗಿದೆ. ನನಗೆ ಅದು ಕೇಳಿದ್ದು ವಾಪಸ್ ಹೋಗಿ ಆಡಿದಾಗ.

ಇನ್ನೊಂದು, ಕಿವಿ ಕೇಳದವರೂ ಆಡುತ್ತಾರೆ. ಸಬ್‌ಟೈಟಲ್‌ನಲ್ಲಿ ಮೂವರ ಮಾತೂ ಒಂದೇ ಸಾಲಿನಲ್ಲಿ ಓಡುತ್ತಿದೆ. ದನಿ ಯಾವ ಕಡೆಯಿಂದ ಬಂತೋ ಪರದೆಯ ಆ ಕಡೆಗೇ ಅಕ್ಷರ ಹಾಕಿ.

ಮಂಜುಗನ್ನಡಿ:

ನನಗೆ ದನಿಗಳು ಕೇಳಿಸುತ್ತವೆ. ಗೇಮ್‌ನಲ್ಲಲ್ಲ. ಚಿಕಿತ್ಸೆಯಲ್ಲಿದ್ದೇನೆ, ಕೆಲಸಕ್ಕೂ ಹೋಗುತ್ತೇನೆ. ಹಾಗಾಗಿ ಈ ಕೊಲೆಗಾರ್ತಿ ವಿಷಯಕ್ಕೆ ಮಾತಾಡಬೇಕು ಅನ್ನಿಸಿತು.

ಆಟಗಾರರಿಗೆ ಹಾಗೆ ಅನ್ನಿಸಿದ್ದರಲ್ಲಿ ಆಶ್ಚರ್ಯ ಇಲ್ಲ. ‘ಮನಸ್ಸು ಒಡೆದಿದೆ’ ಅಂದ ಕೂಡಲೇ ಒಂದು ಚೂರು ಕೊಲೆ ಮಾಡುತ್ತದೆ ಅಂತ ಎಷ್ಟೋ ಕಥೆಗಳು ಅವರಿಗೆ ಕಲಿಸಿಬಿಟ್ಟಿವೆ. ನೀವು ಅವಳ ಮುಖಕ್ಕೆ ನೆರಳು ಹಾಕಿ, ಕೈಗೆ ದೊಡ್ಡ ಬೀಗದ ಕೈ ಕೊಟ್ಟು, ಹಿಂದೆ ಗುಡುಗುವ ಸಂಗೀತ ಇಟ್ಟರೆ ಅವರು ಇನ್ನೇನು ಅಂದುಕೊಳ್ಳಬೇಕು? ನಾನು ಆಡಿದಾಗ ನನಗೆ ಅನ್ನಿಸಿದ್ದು, ಅವಳು ಬಾಗಿಲು ಮುಚ್ಚುತ್ತಿರುವುದು ಇಳಾಳನ್ನು ಕಾಪಾಡಲು. ಅದು ನಿಜ ಆಗಿದ್ದರೆ ಅವಳ ಕೈ ನಡುಗುವುದನ್ನು ಒಮ್ಮೆ ತೋರಿಸಿ, ಸಾಕು.

ನಿಮ್ಮ ಪರಿಚಯದ ಪುಟದಲ್ಲಿ ‘ಸ್ಕಿಜೋಫ್ರೇನಿಯಾದ ಒಳಗಿನ ಪಯಣ’ ಅಂತಿದೆ. ಅದನ್ನು ತೆಗೆಯಿರಿ. ಒಬ್ಬರೊಳಗೆ ಬೇರೆ ಬೇರೆ ವ್ಯಕ್ತಿಗಳು, ಒಬ್ಬರ ನೆನಪು ಇನ್ನೊಬ್ಬರಿಗಿಲ್ಲ, ಇದು ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್‌ಗೆ ಹತ್ತಿರ. 1994ರವರೆಗೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅದಕ್ಕೆ ಮಲ್ಟಿಪಲ್ ಪರ್ಸನಾಲಿಟಿ ಅನ್ನುವ ಹೆಸರಿತ್ತು. ಸ್ಕಿಜೋಫ್ರೇನಿಯಾ ಬೇರೆಯೇ ಕಾಯಿಲೆ. ಯಾವ ಕಾಯಿಲೆಯ ಹೆಸರನ್ನೂ ಹಾಕದಿದ್ದರೂ ನಡೆಯುತ್ತದೆ, ಇಳಾಳ ಕಥೆಗೆ ಅದು ಬೇಕಾಗಿಲ್ಲ.

ಹೆಲ್‌ಬ್ಲೇಡ್ ಮಾಡಿದವರು ಕೇಂಬ್ರಿಡ್ಜ್‌ನ ಮನೋವೈದ್ಯ ಪಾಲ್ ಫ್ಲೆಚರ್ ಅವರ ಜೊತೆಗೆ, ಇಂಥ ಅನುಭವ ಇರುವ ಜನರನ್ನೂ ಕೂರಿಸಿಕೊಂಡು ಕೆಲಸ ಮಾಡಿದರು. ನಿಮ್ಮಿಬ್ಬರಿಗೆ ಪ್ರೊಫೆಸರ್ ಸಿಗದಿರಬಹುದು. ನಮ್ಮಂಥವರು ಸಿಗುತ್ತೇವೆ, ಕೇಳಿ. ಉದಾಹರಣೆಗೆ, ನನ್ನ ಮಟ್ಟಿಗೆ ದನಿಗಳು ಸದಾ ಭಯಂಕರವಾಗಿರುವುದಿಲ್ಲ. ಬಹಳ ಸಲ ಬೇಸರ ತರಿಸುತ್ತವೆ. ಚಪ್ಪಲಿ ಹಾಕಿಕೊಂಡಳು, ಬಾಗಿಲು ತೆಗೆದಳು ಅಂತ ವರದಿ ಒಪ್ಪಿಸುತ್ತಿರುತ್ತವೆ. ನಿಮ್ಮ ಲಾಗ್ ಬುಕ್ ಬರೆಯುವವಳು ಹಾಗೇ ಇದ್ದಾಳೆ. ಡೆಮೊದಲ್ಲಿ ನನಗೆ ಅತಿ ನಿಜ ಅನ್ನಿಸಿದ್ದು ಅವಳೇ.

ಮತ್ತೆ, ಕೊನೆಯಲ್ಲಿ ಎಲ್ಲರೂ ಕೈ ಹಿಡಿದುಕೊಂಡು ಒಂದಾಗಿ ಇಳಾ ಪೂರ್ತಿ ಗುಣವಾದಳು ಅಂತ ಮಾಡಬೇಡಿ ದಯವಿಟ್ಟು.

ದಾರಿ ತಪ್ಪಿದವ:

ಎಲ್ಲರೂ ಸೇರಿ ಇವರ ಗೇಮ್ ಅನ್ನು ಸಾಫ್ ಮಾಡಿಬಿಡುತ್ತೀರಿ! ನನಗೆ ಕಳೆದುಹೋಗುವುದೇ ಇಷ್ಟ. 2019ರ ‘ಡಿಸ್ಕೋ ಎಲಿಸಿಯಂ’ನಲ್ಲಿ ನಾಯಕನ 24 ಕೌಶಲಗಳೂ ಅವನ ತಲೆಯಲ್ಲಿ ಬಾಯಿಹಾಕುತ್ತವೆ. ಕೆಲವು ಸಲ ಖಡಾಖಂಡಿತವಾಗಿ ತಪ್ಪು ಸಲಹೆ ಕೊಡುತ್ತವೆ. ಯಾವುದನ್ನು ನಂಬಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ, ನಾನಂತೂ ತಪ್ಪು ದನಿಯನ್ನೇ ನಂಬಿ ಖುಷಿಯಾಗಿ ಹಾಳಾದೆ. ಶಿಳ್ಳೆ ಯಾವಾಗಲೂ ಸರಿಯಾದ ಬಾಗಿಲನ್ನೇ ತೋರಿಸಿದರೆ ಅದೂ ಬಾಣವೇ, ಸದ್ದು ಮಾಡುವ ಬಾಣ. ಒಮ್ಮೆಯಾದರೂ ಆ ಹುಡುಗಿ ಸುಳ್ಳು ಹೇಳಲಿ.

ಏಳನೇ ಡೆಕ್:

ಶಿಳ್ಳೆ ಈಗಾಗಲೇ ಕೋಡ್‌ಗೆ ಹೋಗಿದೆ. ಹುಡುಗಿ ಒಂದು ಸಲ ಸುಳ್ಳು ಹೇಳುತ್ತಾಳೆ, ಯಾಕೆ ಅಂತ ಎರಡನೇ ಅಧ್ಯಾಯದಲ್ಲಿ ಗೊತ್ತಾಗುತ್ತದೆ. ಗೆಳೆಯ ಮ್ಯಾಪ್ ಆಸೆ ಬಿಟ್ಟಿದ್ದಾನೆ. ಬದಲಿಗೆ ಡಯಲ್ ತಿರುಗಿಸುವಾಗ ಆ ಸ್ಟೇಷನ್‌ನವಳ ಉಸಿರು ಅರ್ಧ ಕ್ಷಣ ಮೊದಲೇ ಕೇಳುವ ಹಾಗೆ ಮಾಡಿದ್ದಾನೆ. ಈಗ ಯಾರ ನೆನಪಿಗೆ ಹೋಗುತ್ತಿದ್ದೇವೆ ಅನ್ನುವುದು ಖಚಿತ. ಅಲ್ಲಿ ಏನು ಕಾಣುತ್ತದೆ ಅನ್ನುವುದು ಮಾತ್ರ ಅನುಮಾನ. ನನಗೆ ಬೇಕಾಗಿದ್ದ ಗೆರೆ ಅಲ್ಲೇ ಸಿಕ್ಕಿತು ಅನ್ನಿಸುತ್ತಿದೆ.

ಕಿವಿಮಾತು ಅವರೇ, ಮ್ಯೂಟ್ ಮಾಡಿದವರು ಆಡಿದ್ದು ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ. ಶುರುವಿನಲ್ಲೇ ಹೆಡ್‌ಫೋನ್ ಸೂಚನೆ ಬರುತ್ತದೆ, ಸಬ್‌ಟೈಟಲ್ ಕೆಲಸವೂ ನಡೆಯುತ್ತಿದೆ.

ಮಂಜುಗನ್ನಡಿ ಅವರೇ, ಪುಟದ ಆ ಸಾಲು ತೆಗೆದಾಯಿತು. ಗುಡುಗುವ ಸಂಗೀತವೂ ಹೋಯಿತು. ಕೊನೆ ಹೇಗಿರಬೇಕು ಅಂತ ಇನ್ನೂ ಬರೆದಿಲ್ಲ, ಬರೆದ ಮೇಲೆ ನಿಮಗೆ ಮೊದಲು ಕಳಿಸಬಹುದಾ? ನಿಮ್ಮ ಸಮಯಕ್ಕೆ ದುಡ್ಡು ಕೊಡುತ್ತೇವೆ, ಸುಮ್ನೆ ಪುಕ್ಕಟೆ ಕೇಳುತ್ತಿಲ್ಲ.

ಸೇವ್ ವಿಷಯದಲ್ಲಿ ಮಾತ್ರ, ಹಳೇ ಜಾಯ್‌ಸ್ಟಿಕ್ ಅವರೇ, ನಾನು ಸೋಲೊಪ್ಪಿಲ್ಲ. ಹೆಸರು ಬದಲಾಗುತ್ತದೆ, ಆದರೆ ಪಕ್ಕದಲ್ಲಿ ದಿನಾಂಕ, ಸಮಯ ಸರಿಯಾಗಿಯೇ ಇರುತ್ತದೆ. ಲಾಗ್ ಬುಕ್ ಬರೆಯುವವಳು ಅದನ್ನು ಅಳಿಸಲು ಬಿಡುವುದಿಲ್ಲ. ಹೊಸ ಡೆಮೊ ಆಡಿ, ಆಮೇಲೆ ಬೈಯಿರಿ.